ಪಕ್ಕದ ಮನೆ ಅಜ್ಜಿ ದನಿಯಿಲ್ಲದೆ ಮಾತಾಡುತ್ತಾರೆ! ಉತ್ತರ ಇಂಗ್ಲೆಂಡಿನ ಮಿಲ್ ಹಳ್ಳಿಗಳ ಬಗ್ಗೆ ಗೊತ್ತಿರುವವರು ಬನ್ನಿ

ಬೆಟ್ಟದಂಚಿನವಳು:

ಎಲ್ಲರಿಗೂ ನಮಸ್ಕಾರ. ಲ್ಯಾಂಕಾಶೈರ್‌ನ ಬರ್ನ್ಲಿ ಊರಿನ ಮೇಲ್ಗಡೆ ಹಾರ್ಲ್ ಸೈಕ್ ಅಂತ ಒಂದು ಹಳ್ಳಿ ಇದೆ. ನಾವು ಇಲ್ಲಿಗೆ ಬಾಡಿಗೆಗೆ ಬಂದು ಎಂಟು ತಿಂಗಳಾಯಿತು. ಕಲ್ಲಿನ ಮನೆಗಳ ಉದ್ದ ಸಾಲು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಿದೆ. ಬಾಗಿಲು ತೆರೆದರೆ ನೇರ ರಸ್ತೆ. ದೂರದಲ್ಲಿ ಪೆಂಡಲ್ ಬೆಟ್ಟ ಕಾಣಿಸುತ್ತದೆ, ಮಳೆ ಇಲ್ಲದ ದಿನ. ಅಂದರೆ ಅಪರೂಪಕ್ಕೆ.

ಪಕ್ಕದ ಮನೆಯಲ್ಲಿ 84 ವರ್ಷದ ಅಜ್ಜಿ ಒಬ್ಬರಿದ್ದಾರೆ. ಮೊದಮೊದಲು ಅವರಿಗೆ ಗಂಟಲು ಹೋಗಿದೆ ಅಂದುಕೊಂಡಿದ್ದೆ. ಯಾಕಂದ್ರೆ ಎದುರು ಮನೆಯ ಗೆಳತಿಯ ಜೊತೆ ಅವರು ಕಿಟಕಿ ಮುಚ್ಚಿಕೊಂಡೇ ಮಾತಾಡುತ್ತಾರೆ! ಇವರು ಈ ಗಾಜಿನ ಹಿಂದೆ, ಅವರು ಆ ಗಾಜಿನ ಹಿಂದೆ, ನಡುವೆ ರಸ್ತೆ. ತುಟಿ ದೊಡ್ಡದಾಗಿ ಅಗಲಿಸುವುದು, ಹುಬ್ಬು ಎತ್ತುವುದು, ಹೊಟ್ಟೆ ಮುಟ್ಟಿ ತೋರಿಸುವುದು, ತಲೆ ಆಡಿಸುವುದು. ಒಂದು ಚೂರೂ ದನಿ ಇಲ್ಲ. ಹತ್ತು ನಿಮಿಷ ಹೀಗೆ ನಡೆಯುತ್ತದೆ, ಆಮೇಲೆ ಇಬ್ಬರೂ ನಗುತ್ತಾರೆ. ಯಾರೋ ಒಬ್ಬರ ಆಪರೇಷನ್ ವಿಷಯ ಅಂತ ನಾನೂ ಅರ್ಧ ಕಲಿತುಬಿಟ್ಟಿದ್ದೇನೆ.

ಕೊನೆಗೆ ಕೇಳಿಯೇ ಬಿಟ್ಟೆ. ಇದಕ್ಕೆ 'ಮೀ-ಮೋ' ಅಂತ ಹೆಸರಂತೆ. ಅಜ್ಜಿ 15ನೇ ವಯಸ್ಸಿಗೆ ಮಗ್ಗದ ಶೆಡ್ಡಿಗೆ ಸೇರಿದವರು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಜಾಗದಲ್ಲಿ ಕಿವಿಯ ಹತ್ತಿರ ಬಂದು ಕಿರುಚಿದರೂ ಕೇಳುವುದಿಲ್ಲ, ಅದಕ್ಕೆ ಹೆಂಗಸರು ತುಟಿ ಓದುವುದನ್ನು ಕಲಿತರು. ಮೇಲಿನವರ ಬಗ್ಗೆ ಅವರ ಎದುರಿಗೇ ಬೈದುಕೊಳ್ಳಬಹುದಿತ್ತು, ಅದೇ ದೊಡ್ಡ ಲಾಭ ಅಂತಾರೆ.

ಇನ್ನೊಂದು ವಿಷಯ. ನಮ್ಮ ಅಟ್ಟದಲ್ಲಿ ಒಂದು ಮರದ ವಸ್ತು ಸಿಕ್ಕಿದೆ. ಸಣ್ಣ ದೋಣಿ ಥರ, ಎರಡೂ ತುದಿಗೆ ಲೋಹದ ಚೂಪು ಮೂತಿ, ಪಕ್ಕದಲ್ಲಿ ಚಿಕ್ಕ ತೂತು. ಏನಿದು? ಈ ಕಡೆಯ ಹಳ್ಳಿಗಳ ಕಥೆ ಗೊತ್ತಿರುವವರು ಬರೆಯಿರಿ. ಗೂಗಲ್ ಮಾಡಿದ್ದು ನನಗೆ ಬೇಡ.

ಬನಹಟ್ಟಿ ಹುಡುಗ:

ಅಕ್ಕಾ, ಅದು ಲಾಳಿ ರೀ!! ಇಷ್ಟು ಚೆಂದ ವರ್ಣನೆ ಮಾಡಿ ಹೆಸರು ಗೊತ್ತಿಲ್ಲ ಅಂದ್ರೆ ಹೇಗೆ. ನಮ್ಮ ಮನೆಯಲ್ಲಿ ಪವರ್‌ಲೂಮ್ ಇವೆ, ನಾನು ಹುಟ್ಟಿದಾಗಿನಿಂದ ಆ ಖಟಖಟ ಕೇಳಿಯೇ ಮಲಗಿದವನು. ಒಳಗಿನ ಖಾಲಿ ಜಾಗದಲ್ಲಿ ಕಂಡಿಕೆ, ಅಂದ್ರೆ ನೂಲು ಸುತ್ತಿದ ಕಡ್ಡಿ, ಕೂರುತ್ತದೆ, ಅದರ ನೂಲು ಪಕ್ಕದ ತೂತಿನಿಂದ ಹೊರಗೆ ಬರಬೇಕು. ಲಾಳಿ ಆ ಕಡೆ ಈ ಕಡೆ ಹಾರಿದಾಗ ಹಾಸಿನ (ಉದ್ದದ ಎಳೆಗಳು) ನಡುವೆ ಹೊಕ್ಕು (ಅಡ್ಡ ಎಳೆ) ಬೀಳುತ್ತದೆ. ತೂತಿನ ಸುತ್ತ ಮರ ಸವೆದಿದೆಯಾ ನೋಡಿ.

ಬೆಟ್ಟದಂಚಿನವಳು:

ಸವೆದಿದೆ! ನುಣ್ಣಗೆ ಆಗಿದೆ. ಯಾಕೆ?

ನಿವೃತ್ತ ಡಾಕ್ಟ್ರು, ಓಲ್ಡ್‌ಹ್ಯಾಂ:

ಯಾಕೆ ಅಂತ ನಾನು ಹೇಳುತ್ತೇನೆ, ಊಟ ಮಾಡುತ್ತಿದ್ದರೆ ಆಮೇಲೆ ಓದಿ. ಒಂದು ಕಂಡಿಕೆ ಖಾಲಿಯಾದಾಗ ಹೊಸದು ಹಾಕಿ, ಆ ತೂತಿಗೆ ಬಾಯಿಟ್ಟು ಉಸಿರು ಒಳಗೆಳೆದರೆ ನೂಲಿನ ತುದಿ ಹೊರಗೆ ಬರುತ್ತದೆ. ಒಂದು ಕ್ಷಣದ ಕೆಲಸ. ಇದಕ್ಕೆ 'ಲಾಳಿಗೆ ಮುತ್ತು ಕೊಡೋದು' ಅಂತ ಹೆಸರು. ಒಬ್ಬ ನೇಕಾರ್ತಿಗೆ ಸಾಮಾನ್ಯವಾಗಿ ನಾಲ್ಕು ಮಗ್ಗ, ಕಂಡಿಕೆ ನಿಮಿಷ ನಿಮಿಷಕ್ಕೂ ಮುಗಿಯುತ್ತಿತ್ತು, ಹಾಗಾಗಿ ದಿನಕ್ಕೆ ಎಷ್ಟು ಮುತ್ತು ಲೆಕ್ಕ ಹಾಕಿ. ನೂಲಿನ ಜೊತೆ ಧೂಳು, ಎಣ್ಣೆ, ಗಂಜಿ ಎಲ್ಲಾ ಬಾಯಿಗೆ. ಒಬ್ಬರು ಮುತ್ತು ಕೊಟ್ಟ ಲಾಳಿಗೇ ಇನ್ನೊಬ್ಬರೂ ಕೊಡಬೇಕು, ಕ್ಷಯ ಇದ್ದ ಕಾಲ. ಇದನ್ನು ಕಾನೂನಿನಲ್ಲಿ ನಿಲ್ಲಿಸಿದ್ದು 1952ರಲ್ಲಿ. ಅಷ್ಟು ಹೊತ್ತು ಬೇಕಾಯಿತು!

ನಾನು ಇಲ್ಲಿಗೆ ಬಂದಾಗ ಹಳೆ ಮಿಲ್ ಕೆಲಸಗಾರರು ಇನ್ನೂ ಆಸ್ಪತ್ರೆಗೆ ಬರುತ್ತಿದ್ದರು. ಹತ್ತಿ ಹಿಂಜುವ ವಿಭಾಗದಲ್ಲಿ ಇದ್ದವರದು ಒಂದು ವಿಚಿತ್ರ ಕಾಯಿಲೆ. ಭಾನುವಾರ ರಜೆ, ಸೋಮವಾರ ಕೆಲಸಕ್ಕೆ ಹೋದ ಕೂಡಲೇ ಎದೆ ಬಿಗಿದುಕೊಳ್ಳುವುದು, ಮಂಗಳವಾರ ಸ್ವಲ್ಪ ಸುಧಾರಿಸುವುದು. ವರ್ಷಗಳು ಕಳೆದ ಹಾಗೆ ವಾರದ ಎಲ್ಲಾ ದಿನವೂ ಸೋಮವಾರವೇ. ಬಿಸಿನೋಸಿಸ್ ಅಂತ ಹೆಸರು, ಹತ್ತಿ ಧೂಳಿನ ರೋಗ. ನಮ್ಮ ದಾವಣಗೆರೆ ಕಡೆಯಿಂದ ಬಂದ ನನಗೆ ಇದು ಪಾಠದಲ್ಲಿ ಒಂದು ಪ್ಯಾರಾ ಆಗಿತ್ತು, ಇಲ್ಲಿ ಕ್ಯೂನಲ್ಲಿ ಕೂತಿತ್ತು.

ಏರ್ ನದಿ ದಂಡೆಯವ:

ಒಳ್ಳೆ ವಿಷಯ ತೆಗೆದಿದ್ದೀರಿ ಅಕ್ಕ. ನಾನು ಯಾರ್ಕ್‌ಶೈರ್ ಕಡೆಯವನು, ಸಾಲ್ಟೇರ್‌ಗೆ ನಡೆದು ಹೋಗುವ ದೂರ. ನಮ್ಮದು ಉಣ್ಣೆ, ನಿಮ್ಮದು ಹತ್ತಿ, ಮೊದಲು ಈ ಗಡಿ ಹಾಕಿಕೊಳ್ಳೋಣ, ಇಲ್ಲದಿದ್ದರೆ ಇಲ್ಲಿಯವರು ಹೊಡೆಯುತ್ತಾರೆ :)

ಟೈಟಸ್ ಸಾಲ್ಟ್ ಬ್ರ್ಯಾಡ್‌ಫರ್ಡ್‌ನ ದೊಡ್ಡ ಸಾಹುಕಾರ, ಮೇಯರ್ ಕೂಡ ಆಗಿದ್ದ. ಅಲ್ಪಾಕಾ ಉಣ್ಣೆಯಿಂದ ದುಡ್ಡು ಮಾಡಿದವನು. ಬ್ರ್ಯಾಡ್‌ಫರ್ಡ್ ಅಂದ್ರೆ ಆಗ ಹೊಗೆ, ಕೊಳಚೆ, 1849ರಲ್ಲಿ ಕಾಲರಾ. ಅವನು ಊರಾಚೆ ಏರ್ ನದಿ ಪಕ್ಕ ಜಾಗ ಹಿಡಿದು ಹೊಸ ಮಿಲ್ ಕಟ್ಟಿದ. 1853ರ ಸೆಪ್ಟೆಂಬರ್ 20ಕ್ಕೆ ಉದ್ಘಾಟನೆ, ಅವತ್ತೇ ಅವನ 50ನೇ ಹುಟ್ಟುಹಬ್ಬ. ಆಮೇಲೆ ಸುತ್ತ ಊರು ಕಟ್ಟಿದ. ತನ್ನ ಹೆಸರು, ನದಿ ಹೆಸರು ಸೇರಿಸಿ ಸಾಲ್ಟೇರ್. ಬೀದಿಗಳಿಗೆ ಹೆಂಡತಿ ಮಕ್ಕಳ ಹೆಸರು: ಕ್ಯಾರೊಲಿನ್, ಜಾರ್ಜ್, ಅಮೀಲಿಯಾ... ಹನ್ನೊಂದು ಮಕ್ಕಳಿದ್ದರು, ಬೀದಿಗೆ ಹೆಸರಿನ ಬರ ಬರಲಿಲ್ಲ.

ಪ್ರತಿ ಮನೆಗೂ ನೀರು, ಗ್ಯಾಸ್, ಹಿತ್ತಲಲ್ಲಿ ಸ್ವಂತ ಪಾಯಿಖಾನೆ. ಆ ಕಾಲಕ್ಕೆ ಇದು ಅರಮನೆ. ಶಾಲೆ, ಆಸ್ಪತ್ರೆ, ಸ್ನಾನದ ಮನೆ, ಮುದುಕರಿಗೆ ಪುಕ್ಕಟೆ ಮನೆ ಮತ್ತು ಪಿಂಚಣಿ. ಇಲ್ಲದ್ದು ಒಂದೇ: ಹೆಂಡದಂಗಡಿ. ಕೆಲವು ವರ್ಷಗಳ ಹಿಂದೆ ಅಲ್ಲೊಂದು ಬಾರ್ ಶುರುವಾದಾಗ ಅದಕ್ಕೆ 'ಟೈಟಸ್‌ಗೆ ಹೇಳಬೇಡಿ' ಅಂತಲೇ ಹೆಸರಿಟ್ಟಿದ್ದರು!

ಮಿಲ್ 1986ರಲ್ಲಿ ಮುಚ್ಚಿತು. ಮರುವರ್ಷ ಜೊನಾಥನ್ ಸಿಲ್ವರ್ ಅನ್ನುವವರು ಕೊಂಡು ಅಲ್ಲಿ ಬ್ರ್ಯಾಡ್‌ಫರ್ಡ್ ಹುಡುಗ ಡೇವಿಡ್ ಹಾಕ್ನಿ ಚಿತ್ರಗಳ ಗ್ಯಾಲರಿ ಮಾಡಿದರು. 2001ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನನ್ನ ಮಕ್ಕಳಿಗೆ ಅದು ಐಸ್‌ಕ್ರೀಮ್ ತಿನ್ನೋ ಜಾಗ.

ಸುಮ್ನೆ ಓದುಗ:

ಕೇಳಲು ಚೆನ್ನಾಗಿದೆ. ಆದರೆ ಮನೆ ಕೊಟ್ಟವನೇ ಕೆಲಸ ಕೊಟ್ಟವನು ಆದರೆ, ಕೆಲಸ ಹೋದ ದಿನ ಮನೆಯೂ ಹೋಗುತ್ತದೆ ಅಲ್ವಾ? ಬಾಡಿಗೆ ಯಾರ ಜೇಬಿಗೆ? ಇದನ್ನು ಧರ್ಮ ಅನ್ನುವುದೋ ಲೆಕ್ಕಾಚಾರ ಅನ್ನುವುದೋ?

ಏರ್ ನದಿ ದಂಡೆಯವ:

ಎರಡೂ ಅನ್ನಿ ಸರ್. ಸಾಲ್ಟೇರ್‌ನಲ್ಲಿ ಒಂದು ಸುತ್ತು ಹಾಕಿದರೆ ಅರ್ಥವಾಗುತ್ತದೆ. ಸಾಮಾನ್ಯ ಕೆಲಸಗಾರರ ಮನೆ ಚಿಕ್ಕದು, ಮೇಲ್ವಿಚಾರಕರ ಮನೆಗೆ ಮುಂದೆ ಪುಟ್ಟ ತೋಟ, ಸಾಲಿನ ತುದಿಗೆ ಮೂರು ಮಹಡಿ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಕಲ್ಲಿನಲ್ಲೇ ಬರೆದಿಟ್ಟ ಹಾಗೆ. ಆದರೂ ನಾನು ಆ ಕಾಲದಲ್ಲಿ ಇದ್ದಿದ್ದರೆ, ಬ್ರ್ಯಾಡ್‌ಫರ್ಡ್‌ನ ನೆಲಮಾಳಿಗೆ ಬಿಟ್ಟು ಸಾಲ್ಟೇರ್‌ಗೆ ಓಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಚೆಷೈರ್ ಚಹಾ:

ಧರ್ಮದ ಮಾತು ಬಂತಲ್ಲ, ಸ್ಟೈಯಲ್ ಹಳ್ಳಿಯ ಕ್ವಾರಿ ಬ್ಯಾಂಕ್ ಮಿಲ್‌ಗೆ ಹೋಗಿ ಬನ್ನಿ. ಮ್ಯಾಂಚೆಸ್ಟರ್ ಏರ್‌ಪೋರ್ಟ್ ಪಕ್ಕದಲ್ಲೇ, ವಿಮಾನ ತಡ ಆದಾಗ ನಾನು ಎರಡು ಸಲ ಹೋಗಿದ್ದೇನೆ. ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಬಾಲಿನ್ ನದಿಯ ನೀರಿನ ಬಲದಿಂದ ಶುರು ಮಾಡಿದ ಹತ್ತಿ ಮಿಲ್. ಕೆಲಸಕ್ಕೆ ಜನ ಸಾಲದೆ ಅನಾಥಾಲಯದಂಥ ಬಡವರ ಮನೆಗಳಿಂದ ಮಕ್ಕಳನ್ನು ಕರಾರು ಮಾಡಿ ತಂದರು. ಅವರು ಮಲಗಿ ಏಳುತ್ತಿದ್ದ ಮನೆ ಹಾಗೇ ಇದೆ.

1806ರಲ್ಲಿ ಇಬ್ಬರು ಹುಡುಗರು ಅಲ್ಲಿಂದ ಓಡಿಹೋದರು. ಜೋಸೆಫ್ ಸೆಫ್ಟನ್, ಥಾಮಸ್ ಪ್ರೀಸ್ಟ್ಲಿ ಅಂತ. ಪ್ರೀಸ್ಟ್ಲಿಯ ಒಂದು ಬೆರಳು ಯಂತ್ರಕ್ಕೆ ಸಿಕ್ಕಿ ಹೋಗಿತ್ತು, ಲಂಡನ್‌ನಲ್ಲಿದ್ದ ಅಮ್ಮನನ್ನು ನೋಡಬೇಕು ಅನ್ನಿಸಿತ್ತು. ನಡೆದುಕೊಂಡೇ ಹೋದರು. ಸಿಕ್ಕಿಬಿದ್ದಾಗ ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟ ಹೇಳಿಕೆ ಉಳಿದಿದೆ, ಹಾಗಾಗಿ ಅವರ ಹೆಸರು ನಮಗೆ ಗೊತ್ತು. ಉಳಿದ ಮಕ್ಕಳದು ಹೆಚ್ಚಿನದು ಲೆಕ್ಕದ ಪುಸ್ತಕದ ಸಾಲು ಅಷ್ಟೇ.

ಗ್ರೆಗ್ ಮನೆತನಕ್ಕೆ ಕೆರಿಬಿಯನ್‌ನ ಡೊಮಿನಿಕಾದಲ್ಲಿ ಗುಲಾಮರು ದುಡಿಯುವ ತೋಟವೂ ಇತ್ತು. ಈ ಹಸಿರು ಕಣಿವೆಯಲ್ಲಿ ನಿಂತಾಗ ಅದು ನೆನಪಿಗೆ ಬರುವುದೇ ಇಲ್ಲ, ಅಷ್ಟು ಸುಂದರ. ಅಲ್ಲೇ ನನಗೆ ಸಿಟ್ಟು.

ಮಂಡ್ಯ ಟು ಮ್ಯಾಂಚೆಸ್ಟರ್:

ನನಗೆ ಈ ಇಡೀ ಚರ್ಚೆಯೇ ಸಿಟ್ಟು ತರಿಸುತ್ತಿದೆ. ಕ್ಷಮಿಸಿ, ನೇರ ಹೇಳುತ್ತೇನೆ. ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆದ ಊರುಗಳಿವು. 1913ರಲ್ಲಿ ಇಲ್ಲಿಂದ ಸುಮಾರು 700 ಕೋಟಿ ಗಜ ಬಟ್ಟೆ ಹೊರದೇಶಕ್ಕೆ ಹೋಯಿತು, ಅದರಲ್ಲಿ ಸುಮಾರು 300 ಕೋಟಿ ಗಜ ಭಾರತಕ್ಕೆ. ಬ್ಲ್ಯಾಕ್‌ಬರ್ನ್‌ನಲ್ಲಿ ನಮಗೆ ಉಡಿಸುವುದಕ್ಕಂತಲೇ ಪಂಚೆ ನೇಯುತ್ತಿದ್ದರು. ಪಂಚೆ! 1896ರಲ್ಲಿ ಭಾರತದ ಮಿಲ್ ಬಟ್ಟೆಗೆ ಭಾರತದಲ್ಲೇ ಶೇ. 3.5 ಸುಂಕ ಹಾಕಿಸಿದ್ದು ಇದೇ ಲ್ಯಾಂಕಾಶೈರ್ ಒತ್ತಡ. ಈಗ ನಾವು ಇವರ ಅಜ್ಜಿಯರ ನೆನಪು ಕೇಳಿ ಕಣ್ಣೀರು ಹಾಕಬೇಕಾ?

ಬೆಟ್ಟದಂಚಿನವಳು:

ಕಣ್ಣೀರು ಯಾರು ಹಾಕಿದರು? ನಾನು ಲಾಳಿ ಏನು ಅಂತ ಕೇಳಿದೆ ಅಷ್ಟೇ.

ಬನಹಟ್ಟಿ ಹುಡುಗ:

ಸರ್, ನೇಕಾರರ ಮನೆಯವನು ನಾನು. ನನಗೆ ಸಿಟ್ಟು ಬರಬೇಕು ಮೊದಲು. ಆದರೆ ಆ ತೂತಿಗೆ ಬಾಯಿಟ್ಟವಳು ಸುಂಕ ಹಾಕಿದವಳಲ್ಲ ಅಲ್ವಾ? ಅವಳಿಗೂ ಕೂಲಿ ಗಜದ ಲೆಕ್ಕವೇ ಇದ್ದಿರಬೇಕು, ನಮ್ಮ ಹಾಗೆ.

ಕುಮಟಾ ಕಡಲು:

ಹೌದು ಮಾರಾಯ್ರೇ, ಜಗಳ ಬೇಡ. ಆದರೆ ಮಂಡ್ಯದವರು ತೆಗೆದ ಎಳೆ ಬಿಡಬಾರದು, ಯಾಕೆಂದರೆ ಅದು ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಿತು. ಈ ಮಿಲ್ ಹಳ್ಳಿಗಳೆಲ್ಲ ಅಮೆರಿಕದ ಹತ್ತಿಯನ್ನೇ ನಂಬಿಕೊಂಡಿದ್ದವು. 1862ರ ಕೊನೆಗೆ ಸುಮಾರು 5 ಲಕ್ಷ ಜನ ಪರಿಹಾರದ ಮೇಲೆ ಬದುಕುವ ಸ್ಥಿತಿ. ಇವರು ಅದನ್ನು ಹತ್ತಿಯ ಬರಗಾಲ ಅಂತಾರೆ. ರಾಚ್‌ಡೇಲ್ ಹತ್ತಿರ ಬೆಟ್ಟದ ಮೇಲೆ ಒಂದು ಕಲ್ಲುಹಾಸಿನ ರಸ್ತೆ ಇದೆ, ಕೆಲಸ ಹೋದ ಮಿಲ್ ಜನರ ಕೈಯಲ್ಲಿ ಹಾಸಿಸಿದ್ದು, ಅದಕ್ಕೆ ಹೆಸರೇ ಹತ್ತಿ ಬರದ ರಸ್ತೆ.

ಆಗ ಕಣ್ಣು ಬಿದ್ದದ್ದು ಭಾರತದ ಹತ್ತಿಯ ಮೇಲೆ. ನಮ್ಮ ದೇಶದ ಹತ್ತಿ ಎಲ್ಲಿಂದ ಹೋದರೂ ಇಲ್ಲಿ ಅದಕ್ಕೆ ಒಂದೇ ಹೆಸರು, 'ಸೂರತ್'. ಅದರಲ್ಲಿ ಧಾರವಾಡದ್ದೂ ಸೇರಿತ್ತು. ಧಾರವಾಡ ಸೀಮೆಗೆ 1840ರ ದಶಕದಲ್ಲೇ ಅಮೆರಿಕದ ತೋಟಗಾರರನ್ನು ಕರೆಸಿ ಅಲ್ಲಿಯ ಬೀಜ ಬಿತ್ತಿಸಿದ್ದರು, 'ಧಾರವಾಡ ಅಮೆರಿಕನ್' ಅಂತ ಅದಕ್ಕೆ ಮಾರುಕಟ್ಟೆಯಲ್ಲಿ ಹೆಸರಿತ್ತು. ಅಲ್ಲಿಯ ನಾಟಿ ಹತ್ತಿ ಘಟ್ಟ ಇಳಿದು ನಮ್ಮೂರ ಬಂದರಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಅದು 'ಕುಮಟಾ ಹತ್ತಿ'. ನಮ್ಮೂರಲ್ಲಿ ಒಂದು ಗಿಡ ಹತ್ತಿ ಬೆಳೆಯುವುದಿಲ್ಲ, ಹೆಸರು ಮಾತ್ರ ಲಿವರ್‌ಪೂಲ್‌ವರೆಗೆ!

ಮ್ಯಾಂಚೆಸ್ಟರ್‌ನವರಿಗೆ ಕುಮಟಾ ಸಾಲಲಿಲ್ಲ. ಕಾರವಾರದ ಹತ್ತಿರ, ಸದಾಶಿವಗಡದ ಕಡೆ ದೊಡ್ಡ ಬಂದರು ಬೇಕು ಅಂತ ಹಟ ಹಿಡಿದರು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಹೋಯಿತಲ್ಲ, ಅದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು. ನಮ್ಮಜ್ಜ ಬಾಂಬೆ ಸರ್ಕಾರದ ಶಾಲೆಯಲ್ಲಿ ಓದಿದ್ದಕ್ಕೂ ಬರ್ನ್ಲಿಯ ಮಗ್ಗ ನಿಂತದ್ದಕ್ಕೂ ಒಂದು ಎಳೆ ನೂಲು ಇದೆ ಅಂದ ಹಾಗಾಯಿತು.

ನಿವೃತ್ತ ಡಾಕ್ಟ್ರು, ಓಲ್ಡ್‌ಹ್ಯಾಂ:

ಬಹಳ ಚೆನ್ನಾಗಿ ಬರೆದಿರಿ. ಒಂದು ಸೇರಿಸುತ್ತೇನೆ. ಆ ಹತ್ತಿ ಬಂದಾಗ ಇಲ್ಲಿಯವರು ಕುಣಿದಾಡಲಿಲ್ಲ, ಬೈದರು! ಎಳೆ ಗಿಡ್ಡ, ಕಸ ಜಾಸ್ತಿ, ಮಾತುಮಾತಿಗೆ ನೂಲು ಹರಿಯುವುದು. ತೂಕ ಬರಲಿ ಅಂತ ಮೂಟೆಯೊಳಗೆ ಕಲ್ಲು, ಬೀಜ, ನೀರು ಸೇರಿಸುತ್ತಿದ್ದ ವ್ಯಾಪಾರಿಗಳೂ ಇದ್ದರು. ನೂಲು ಹರಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ಇಲ್ಲ. ಪ್ರಾರ್ಥನೆಯಲ್ಲಿ "ದೇವರೇ ಹತ್ತಿ ಕಳಿಸು" ಅಂದಾಗ ಹಿಂದಿನಿಂದ ಯಾರೋ "ಸೂರತ್ ಮಾತ್ರ ಬೇಡಪ್ಪಾ" ಅಂದರಂತೆ. ಈ ಕಥೆ ಇಲ್ಲಿ ಬಹಳ ಹಳೆಯದು.

1862ರ ಡಿಸೆಂಬರ್ 31ಕ್ಕೆ ಮ್ಯಾಂಚೆಸ್ಟರ್‌ನಲ್ಲಿ ಸಭೆ ಸೇರಿ ಗುಲಾಮಗಿರಿ ವಿರುದ್ಧ ಲಿಂಕನ್‌ಗೆ ಬೆಂಬಲದ ಪತ್ರ ಕಳಿಸಿದರು, 1863ರ ಜನವರಿಯಲ್ಲಿ ಲಿಂಕನ್ ಉತ್ತರವನ್ನೂ ಬರೆದ. ಮ್ಯಾಂಚೆಸ್ಟರ್‌ನಲ್ಲಿ ಅವನ ಪ್ರತಿಮೆ ಇದೆ. ಹಾಗಂತ ಎಲ್ಲರೂ ಮಹಾತ್ಮರಾಗಿರಲಿಲ್ಲ, ಅಮೆರಿಕದ ದಕ್ಷಿಣದವರು ಗೆದ್ದು ಹತ್ತಿ ಬಂದರೆ ಸಾಕು ಅಂದವರೂ ಇದ್ದರು. ಹಸಿವು ಅಂದ್ರೆ ಅದೇ.

ಮಂಡ್ಯ ಟು ಮ್ಯಾಂಚೆಸ್ಟರ್:

1865ರಲ್ಲಿ ಯುದ್ಧ ಮುಗಿದ ಮೇಲೆ ಹತ್ತಿ ಬೆಲೆ ಬಿದ್ದು ನಮ್ಮ ರೈತರು ಕೆಟ್ಟರು, ಅದನ್ನೂ ಬರೆಯಿರಿ.

ಕುಮಟಾ ಕಡಲು:

ಬರೆದೆ ಅಂತಲೇ ತಿಳಿಯಿರಿ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಬೇಕಾದಾಗ ಬಂದರು, ಬೇಡವಾದಾಗ ಬಿಟ್ಟರು.

ಡಾರ್ವೆನ್ ಸೊಸೆ:

ಗಾಂಧೀಜಿ ಬಂದದ್ದು ಯಾರೂ ಹೇಳಲಿಲ್ಲ! ನನ್ನ ಗಂಡನ ಊರು ಡಾರ್ವೆನ್. 1931ರ ಸೆಪ್ಟೆಂಬರ್ ಕೊನೆಗೆ, ದುಂಡು ಮೇಜಿನ ಸಭೆಗೆ ಬಂದಾಗ, ಸ್ಪ್ರಿಂಗ್ ವೇಲ್ ಅನ್ನುವ ಬಡಾವಣೆಯಲ್ಲಿ ಉಳಿದಿದ್ದರು. ವಿದೇಶಿ ಬಟ್ಟೆ ಬಹಿಷ್ಕಾರದಿಂದ ಇಲ್ಲಿ ಮಿಲ್‌ಗಳು ನಿಂತಿದ್ದವು, ಪೊಲೀಸರಿಗೆ ಗಲಾಟೆಯ ಭಯ. ಆದರೆ ಆ ಫೋಟೋ ನೋಡಿದ್ದೀರಲ್ಲ, ಗ್ರೀನ್‌ಫೀಲ್ಡ್ ಮಿಲ್ ಹೊರಗೆ ಹೆಂಗಸರು ಕೈ ಎತ್ತಿ ಜೈಕಾರ ಹಾಕುತ್ತಿದ್ದಾರೆ, ನಡುವೆ ಇವರು ಬಿಳಿ ಬಟ್ಟೆ ಸುತ್ತಿಕೊಂಡು ನಗುತ್ತಾ ನಿಂತಿದ್ದಾರೆ.

ಅವರು ಬೆಣ್ಣೆ ಹಚ್ಚಲಿಲ್ಲ. ನಿಮ್ಮಲ್ಲಿ 30 ಲಕ್ಷ ಜನಕ್ಕೆ ಕೆಲಸವಿಲ್ಲ, ನಮ್ಮಲ್ಲಿ ಸುಮಾರು 30 ಕೋಟಿ ಜನ ವರ್ಷದಲ್ಲಿ ಅರ್ಧ ಕಾಲ ಕೆಲಸವಿಲ್ಲದೆ ಕೂರುತ್ತಾರೆ ಅಂತ ನೇರ ಹೇಳಿದರು. ಬಹಿಷ್ಕಾರ ಬಿಡುತ್ತೇನೆ ಅನ್ನಲೇ ಇಲ್ಲ. ಆದರೂ ಅವರನ್ನು ಪ್ರೀತಿಯಿಂದಲೇ ಕಳಿಸಿದರು. ನಮ್ಮತ್ತೆಗೆ ಆ ಫೋಟೋ ಬಗ್ಗೆ ಎಷ್ಟು ಹೆಮ್ಮೆ ಅಂದರೆ, ಮದುವೆಗೆ ಮೊದಲು ನನ್ನ ಜೊತೆ ಆಡಿದ ಎರಡನೇ ಮಾತೇ ಅದು. ಮೊದಲನೆಯದು "ಚಹಾಕ್ಕೆ ಸಕ್ಕರೆ ಎಷ್ಟು".

ಬೆಟ್ಟದಂಚಿನವಳು:

ಅಬ್ಬಾ, ಎಷ್ಟೊಂದು ಬಂತು. ಇವತ್ತು ಅಜ್ಜಿ ಮನೆಗೆ ಹೋಗಿದ್ದೆ, ನಿಮ್ಮ ಪ್ರಶ್ನೆಗಳನ್ನೆಲ್ಲ ಕೇಳಿದೆ.

ಲಾಳಿಗೆ ಮುತ್ತು ಕೊಟ್ಟದ್ದು ಅವರಲ್ಲ, ಅವರಮ್ಮ. ಇವರು ಸೇರುವ ಹೊತ್ತಿಗೆ ಬೇರೆ ಥರದ ಲಾಳಿ ಬಂದಿತ್ತಂತೆ. ಅಮ್ಮನ ಮುಂದಿನ ಹಲ್ಲು ಬೇಗ ಹಾಳಾಗಿದ್ದವು, ಫೋಟೋದಲ್ಲಿ ಎಲ್ಲಾ ಕಡೆ ಬಾಯಿ ಮುಚ್ಚಿಕೊಂಡೇ ನಗುತ್ತಾರೆ. ಅಮ್ಮನ ಅಮ್ಮ ಅರ್ಧ ದಿನದ ಹುಡುಗಿ: 12 ವರ್ಷಕ್ಕೆ ಬೆಳಿಗ್ಗೆ ಮಿಲ್, ಮಧ್ಯಾಹ್ನ ಶಾಲೆ, ಮರುವಾರ ಉಲ್ಟಾ. ಶಾಲೆಯಲ್ಲಿ ಡೆಸ್ಕಿನ ಮೇಲೆ ನಿದ್ದೆ. ಆ ಪದ್ಧತಿ ತೆಗೆಯುವ ಕಾನೂನು ಆದದ್ದು 1918ರಲ್ಲಿ.

ಬೆಳಗಿನ ಜಾವ ಎಬ್ಬಿಸುವುದಕ್ಕೆ ಉದ್ದ ಕೋಲಿನವನು ಬರುತ್ತಿದ್ದನಂತೆ, ಕೋಲಿನ ತುದಿಗೆ ತಂತಿ, ಮಹಡಿ ಕಿಟಕಿಗೆ ಟಿಕಟಿಕ ಬಡಿಯುವುದು, ವಾರಕ್ಕೆ ಕೆಲವು ಪೆನ್ನಿ. ಇದು ಅಮ್ಮ ಹೇಳಿದ್ದು. ಅಜ್ಜಿಗೆ ಚೆನ್ನಾಗಿ ನೆನಪಿರುವುದು ಕಾಲಿನ ಸದ್ದು. ಮರದ ಅಟ್ಟೆಯ ಬೂಟಿಗೆ ಕೆಳಗೆ ಕಬ್ಬಿಣದ ಪಟ್ಟಿ, ನಮ್ಮಲ್ಲಿ ಎತ್ತಿಗೆ ಲಾಳ ಹೊಡೆದ ಹಾಗೆ. ಇಡೀ ಬೀದಿ ಒಟ್ಟಿಗೆ ಇಳಿದು ಹೋಗುವಾಗ ಮಳೆ ಸದ್ದೂ ಕೇಳುತ್ತಿರಲಿಲ್ಲ. ಮಕ್ಕಳು ಕಲ್ಲಿಗೆ ಉಜ್ಜಿ ಕಿಡಿ ಹಾರಿಸುತ್ತಿದ್ದರು.

ಆಮೇಲೆ ಹೊಸಿಲು. ನನಗೆ ಇದು ಬಹಳ ಇಷ್ಟವಾಯಿತು. ಬಾಗಿಲ ಮುಂದಿನ ಮೆಟ್ಟಿಲನ್ನು ಮಂಡಿಯೂರಿ ಉಜ್ಜಿ, ಅಂಚಿಗೆ ಒಂದು ಥರದ ಮೆದು ಕಲ್ಲಿನಿಂದ ಬಿಳಿ ಇಲ್ಲವೇ ಕೆನೆ ಬಣ್ಣದ ಪಟ್ಟಿ ಎಳೆಯುವುದು. 'ಕತ್ತೆ ಕಲ್ಲು' ಅಂತ ಹೆಸರು, ಒಂದು ಕಂಪನಿಯ ಗುರುತು ಕತ್ತೆ ಆಗಿತ್ತಂತೆ. ಹಳೆ ಬಟ್ಟೆ ಕೊಂಡುಕೊಳ್ಳುವವನು ಚಿಂದಿಗೆ ಬದಲು ಈ ಕಲ್ಲು ಕೊಟ್ಟು ಹೋಗುತ್ತಿದ್ದ. ಪಟ್ಟಿ ಎಳೆಯದ ಮನೆಯವಳ ಬಗ್ಗೆ ಬೀದಿಯೆಲ್ಲ ಮಾತು. ನಾನು ನಮ್ಮ ರಂಗೋಲಿ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿ, "ದಿನಾ ಮಾಡ್ತೀರಾ? ಮಳೆ ಬಂದರೂ?" ಅಂತ ಕೇಳಿದರು. ಇಲ್ಲ, ಈಗ ಸ್ಟಿಕ್ಕರ್ ಅಂಟಿಸುತ್ತೇವೆ ಅಂತ ಹೇಳಲು ನಾಚಿಕೆ ಆಯಿತು.

ಸುಮ್ನೆ ಓದುಗ:

ಹಾರ್ಲ್ ಸೈಕ್ ಮಾಲೀಕ ಯಾರು? ಅಲ್ಲಿಯೂ ಒಬ್ಬ ಸಾಲ್ಟ್ ಇದ್ದನಾ?

ಬೆಟ್ಟದಂಚಿನವಳು:

ಇಲ್ಲಿಯ ಗಮ್ಮತ್ತೇ ಅದು! ಇಲ್ಲಿ ಒಬ್ಬ ಧಣಿ ಇರಲಿಲ್ಲ. ಹಳ್ಳಿಯವರೇ, ಕೆಲಸಗಾರರೂ ಸೇರಿ ಷೇರು ಹಾಕಿ ಕಂಪನಿ ಮಾಡಿ ಮಿಲ್ ಕಟ್ಟಿದರು. ಕ್ವೀನ್ ಸ್ಟ್ರೀಟ್ ಮಿಲ್ ಹಾಗೆ ಹುಟ್ಟಿದ್ದು, 1894ರಲ್ಲಿ ಕಂಪನಿ ಆಯಿತು. 1982ರಲ್ಲಿ ನಿಂತಿತು. ಆವಿ ಯಂತ್ರ, ನೂರಾರು ಲ್ಯಾಂಕಾಶೈರ್ ಮಗ್ಗ ಇನ್ನೂ ಅಲ್ಲಿವೆ, ಈಗ ಮ್ಯೂಸಿಯಂ. ಯಂತ್ರಕ್ಕೆ ಮೊದಲು 'ಪ್ರೂಡೆನ್ಸ್' ಅಂತ ಹೆಸರಿತ್ತು, ಮೊದಲ ಮಹಾಯುದ್ಧ ಮುಗಿದ ಮೇಲೆ 'ಪೀಸ್' ಅಂತ ಬದಲಾಯಿಸಿದರು. 2016ರಲ್ಲಿ ದುಡ್ಡಿಲ್ಲ ಅಂತ ಮ್ಯೂಸಿಯಂ ಮುಚ್ಚಿದ್ದರು, ಎರಡು ವರ್ಷದ ನಂತರ ಮತ್ತೆ ತೆರೆಯಿತು. ಛಾವಣಿ ಗರಗಸದ ಹಲ್ಲಿನ ಥರ ಇದೆ, ಉತ್ತರದ ಕಡೆಗೆ ಗಾಜು, ಬಿಸಿಲು ನೇರ ಬೀಳದೆ ದಿನವಿಡೀ ಒಂದೇ ಸಮ ಬೆಳಕು.

ಷೇರು ಇದ್ದ ಮಾತ್ರಕ್ಕೆ ಸುಖ ಇತ್ತು ಅಂತಲ್ಲ. ಕೂಲಿ ಕಡಿಮೆ ಅಂತ ಇಲ್ಲೂ ಮುಷ್ಕರ ಆಗಿದೆ. ತಮ್ಮದೇ ಮಿಲ್ ವಿರುದ್ಧ ತಾವೇ.

ಟಾಡ್‌ಮರ್ಡನ್ ಟೀಚರ್:

ಧಣಿಗಳಲ್ಲಿಯೂ ಒಂದೊಂದು ಥರ ಇದ್ದರು. ನಮ್ಮೂರಿನ ಜಾನ್ ಫೀಲ್ಡನ್ ದೊಡ್ಡ ಹತ್ತಿ ಮಿಲ್ ಮಾಲೀಕ, ಪಾರ್ಲಿಮೆಂಟ್ ಸದಸ್ಯ. ಚಿಕ್ಕಂದಿನಲ್ಲಿ ತಾನೇ ಅಪ್ಪನ ಮಿಲ್‌ನಲ್ಲಿ ದುಡಿದಿದ್ದವನು. ಹೆಂಗಸರು, 18ರ ಒಳಗಿನವರು ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ದುಡಿಯಬಾರದು ಅನ್ನುವ 1847ರ ಕಾನೂನನ್ನು ಪಾಸು ಮಾಡಿಸಿದವನು ಅವನೇ. ಮಾಲೀಕನೇ!

ಬೇರೆ ವಿಷಯ: ನಮ್ಮ ಟೌನ್ ಹಾಲ್ ಕೆಳಗೆ ಒಂದು ಹಳ್ಳ ಹರಿಯುತ್ತದೆ, ಅದೇ ಹಿಂದೆ ಲ್ಯಾಂಕಾಶೈರ್ ಯಾರ್ಕ್‌ಶೈರ್ ಗಡಿ. ಒಂದೇ ಹಾಲ್‌ನಲ್ಲಿ ಕುಣಿಯುತ್ತಾ ಎರಡು ಜಿಲ್ಲೆ ದಾಟಬಹುದಿತ್ತು. ಮೇಲಿನ ಹತ್ತಿ ಉಣ್ಣೆ ಜಗಳಕ್ಕೆ ನಾವು ನ್ಯಾಯಾಧೀಶರು.

ಏರ್ ನದಿ ದಂಡೆಯವ:

ಊರ ಹೆಸರು ಹೇಳುವ ರೀತಿ ಬಗ್ಗೆ ಯಾರಾದರೂ ಬರೆಯಿರಪ್ಪಾ. 'ಸ್ಲೈತ್‌ವೇಟ್' ಅಂತ ಬೋರ್ಡಿನಲ್ಲಿದೆ, ಬಸ್ಸಿನಲ್ಲಿ ಹಾಗೆ ಕೇಳಿದರೆ ಡ್ರೈವರ್ ಮುಖ ನೋಡುತ್ತಾನೆ. 'ಸ್ಲಾವಿಟ್' ಅನ್ನಬೇಕು. 'ಬಾರ್ನೋಲ್ಡ್ಸ್‌ವಿಕ್' ಅನ್ನುವುದು 'ಬಾರ್ಲಿಕ್'. ನಮ್ಮಲ್ಲಿ ಹುಬ್ಬಳ್ಳಿಯನ್ನು ಇವರ ಅಜ್ಜಂದಿರು ಹಬ್ಲಿ ಮಾಡಿದ್ದು ಹೊಸ ಚಟ ಅಲ್ಲ, ಮನೆಯಲ್ಲೇ ಕಲಿತದ್ದು :)

ನಿವೃತ್ತ ಡಾಕ್ಟ್ರು, ಓಲ್ಡ್‌ಹ್ಯಾಂ:

ಒಂದು ಗುಂಪು ಬಿಟ್ಟುಹೋಗಿದೆ. 1950, 60ರ ದಶಕದಲ್ಲಿ ಇಲ್ಲಿಯವರು ರಾತ್ರಿ ಪಾಳಿ ಬೇಡ ಅಂದಾಗ ಆ ಪಾಳಿ ತುಂಬಿದವರು ನಮ್ಮ ಉಪಖಂಡದವರು. ಗುಜರಾತಿಗಳು, ಈಗಿನ ಬಾಂಗ್ಲಾದವರು, ಮಂಗ್ಲಾ ಅಣೆಕಟ್ಟಿನಲ್ಲಿ ಊರು ಮುಳುಗಿದ ಮೀರ್‌ಪುರದವರು. ಹಗಲು ಒಂದು ಭಾಷೆ, ರಾತ್ರಿ ಇನ್ನೊಂದು ಭಾಷೆ, ಮಗ್ಗ ಅದೇ. ಹಾಸಿಗೆಯೂ ಪಾಳಿ ಮೇಲೆ, ಒಬ್ಬ ಎದ್ದರೆ ಇನ್ನೊಬ್ಬ ಮಲಗುವುದು. ಮಿಲ್‌ಗಳು ಮುಚ್ಚಿದಾಗ ಮೊದಲು ಬೀದಿಗೆ ಬಿದ್ದವರಲ್ಲಿ ಅವರೂ ಇದ್ದರು. ಮ್ಯೂಸಿಯಂಗಳಲ್ಲಿ ಬೂಟು, ಶಾಲು ಎಲ್ಲಾ ಇರುತ್ತದೆ, ಇವರ ಊಟದ ಡಬ್ಬಿ ನಾನು ಎಲ್ಲೂ ನೋಡಿಲ್ಲ.

ಡಾರ್ವೆನ್ ಸೊಸೆ:

ನಿಜ ಡಾಕ್ಟ್ರೇ. ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್.

ಬನಹಟ್ಟಿ ಹುಡುಗ:

ಅಕ್ಕಾ, ಒಂದು ಕೆಲಸ ಮಾಡ್ತೀರಾ? ನಮ್ಮ ಮನೆ ಮಗ್ಗದ ವಿಡಿಯೋ ಇಲ್ಲಿ ಹಾಕಿದ್ದೇನೆ, ನಾಲ್ಕು ಮಗ್ಗ ಓಡುತ್ತಿವೆ, ಅಪ್ಪ ಹಿಂದೆ ನಿಂತಿದ್ದಾರೆ. ಅಜ್ಜಿಗೆ ತೋರಿಸಿ. ಅವರ ಕಾಲದ ಮಗ್ಗಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇರಲಿಕ್ಕಿಲ್ಲ.

ಬೆಟ್ಟದಂಚಿನವಳು:

ತೋರಿಸಿದೆ. ಇದನ್ನು ಸರಿಯಾಗಿ ಬರೆಯಬೇಕು.

ಮೊದಲು ಕನ್ನಡಕ ಹುಡುಕಿ ಹಾಕಿಕೊಂಡರು. ಸೀರೆ ಬಣ್ಣ ನೋಡಿ ಚೆಂದ ಅಂದರು. ಸದ್ದು ಜೋರು ಮಾಡು ಅಂದರು. ಪೂರ್ತಿ ಜೋರು ಮಾಡಿದೆ. ಆಮೇಲೆ ಏನು ಮಾಡಿದರು ಗೊತ್ತಾ, ಕನ್ನಡಕ ತೆಗೆದಿಟ್ಟು, ಫೋನನ್ನು ತಮ್ಮ ಚೆನ್ನಾಗಿರುವ ಕಿವಿಗೆ ಒತ್ತಿಕೊಂಡರು, ಯಾರದೋ ಕರೆ ಬಂದ ಹಾಗೆ. ಕಣ್ಣು ಮುಚ್ಚಿಕೊಂಡರು. ಎಡಗೈ ಬೆರಳು ಟೇಬಲ್ ಮೇಲೆ ತಾಳ ಹಾಕುತ್ತಿತ್ತು. ವಿಡಿಯೋ ಮುಗಿಯಿತು, ಇನ್ನೊಂದು ಸಲ ಹಾಕು ಅಂತ ಬೆರಳಲ್ಲೇ ತೋರಿಸಿದರು. ಮೂರು ಸಲ ಕೇಳಿದರು.

ಆಮೇಲೆ, "ಇದರಲ್ಲಿ ಒಂದು ಮಗ್ಗ ಸರಿ ಇಲ್ಲ. ಒಂದು ಕಡೆಯಿಂದ ಲಾಳಿಗೆ ಹೊಡೆತ ಮೆತ್ತಗೆ ಬೀಳುತ್ತಿದೆ. ಪಟ್ಟಾ ಸಡಿಲ ಆಗಿರಬೇಕು. ಇಂದಲ್ಲ ನಾಳೆ ಲಾಳಿ ನಡುವೆ ಸಿಕ್ಕಿಕೊಂಡು ಹಾಸೆಲ್ಲ ಹರಿಯುತ್ತದೆ, ಟ್ಯಾಕ್ಲರ್ ಕರೆಸಲಿಕ್ಕೆ ಹೇಳು" ಅಂದರು. ಟ್ಯಾಕ್ಲರ್ ಅಂದ್ರೆ ಮಗ್ಗ ರಿಪೇರಿ ಮಾಡುವವನು. ನಿಮ್ಮಲ್ಲಿ ಏನಂತಾರೆ?

ಬನಹಟ್ಟಿ ಹುಡುಗ:

ಜಾಬರ್ ಅಂತಾರೆ.

ಅಕ್ಕಾ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲು ನಂಬಲಿಲ್ಲ, ಆಮೇಲೆ ಸುಮ್ಮನಾದರು, ಆಮೇಲೆ ನಕ್ಕರು. ಮೂರನೇ ಮಗ್ಗದ ಪಟ್ಟಾ ಸಡಿಲ ಆಗಿ ಹದಿನೈದು ದಿನ ಆಯಿತಂತೆ. ಅಮಾವಾಸ್ಯೆಗೆ ಹೇಗೂ ಮಗ್ಗಕ್ಕೆ ರಜೆ, ಆವತ್ತು ನೋಡೋಣ ಅಂತ ಬಿಟ್ಟಿದ್ದರು. ಆ ಅಜ್ಜಿಯ ಹೆಸರೇನು ಅಂತ ಕೇಳುತ್ತಿದ್ದಾರೆ.

ಬೆಟ್ಟದಂಚಿನವಳು:

ಹೆಸರು ಇಲ್ಲಿ ಬೇಡ, ನಿಮಗೆ ಬೇರೆಯಾಗಿ ಕಳಿಸುತ್ತೇನೆ. ನಿನ್ನೆ ಸಂಜೆ ಅವರು ಎದುರು ಮನೆ ಗೆಳತಿಗೆ ಕಿಟಕಿಯಿಂದಲೇ ಏನೋ ಹೇಳುತ್ತಿದ್ದರು, ಕೈ ಎತ್ತಿ ದೂರಕ್ಕೆ ತೋರಿಸಿ, ಕಿವಿ ಮುಟ್ಟಿ, ಮೂರು ಬೆರಳು ಎತ್ತಿ. ಈ ಸಲ ನನಗೆ ಪೂರ್ತಿ ಅರ್ಥವಾಯಿತು. ಅಮಾವಾಸ್ಯೆ ಆದ ಮೇಲೆ ಇನ್ನೊಂದು ವಿಡಿಯೋ ಹಾಕಿ, ಇಬ್ಬರೂ ಕಾಯುತ್ತಿದ್ದಾರೆ.